ಕಾಡುಗಿಡಗಳಿಗೆ ಹೆಸರಿಡುವವರ ಋಣ

ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಆದರೆ ಆ ಹಿತ್ತಲಲ್ಲಿ ನಿಂತಿರುವ ಗಿಡದ ಹೆಸರೇನೆಂದು ಕೇಳಿದರೆ ಉತ್ತರ ಕೊಡತಕ್ಕವರು ವರುಷದಿಂದ ವರುಷಕ್ಕೆ ಕಡಿಮೆಯಾಗುತ್ತಾ ಬರುತ್ತಾರೆ. ನಮ್ಮ ಸೀಮೆಯ ಊರುಗಳೇ ಗಿಡಮರಗಳಿಂದ ಹೆಸರು ಪಡೆದವುಗಳು. ಮೂಡಬಿದರೆಯ ಹೆಸರಿನಲ್ಲಿ ಬಿದಿರು ಉಂಟು. ಬಂಟ್ವಾಳದ ನೇರಳಕಟ್ಟೆಯಲ್ಲಿ ನೇರಳೆ ಉಂಟು. ಹೀಗಿರಲಾಗಿ ಅಂಥ ನಾಡಿನಲ್ಲಿ ಹುಟ್ಟಿದವರು ತಮ್ಮ ಬೇಲಿಯ ಗಿಡಗಳ ಹೆಸರನ್ನು ಮರೆಯುವದು ಸಣ್ಣ ಸಂಗತಿಯಲ್ಲ. ಆದದರಿಂದ ಒಂದು ಪ್ರಶ್ನೆಯನ್ನು ವಾಚಕರ ಮುಂದೆ ಇಡಲು ಮನಸ್ಸು ಮಾಡಿದ್ದೇವೆ. ಗಿಡಕ್ಕೆ ಹೆಸರಿಡುವದು ಅಂದರೇನು? ಹೆಸರಿಟ್ಟವನಿಗೆ ಅದರ ಮೇಲೆ ಹಕ್ಕು ಹುಟ್ಟುತ್ತದೋ, ಇಲ್ಲವೆ ಅವನ ಮೇಲೆ ಋಣ ಬೀಳುತ್ತದೋ?

ಈ ಪ್ರಶ್ನೆ ನಮಗೆ ಪುಸ್ತಕದಿಂದ ಬಂದದ್ದಲ್ಲ. ಕೆಲವು ವರುಷಗಳ ಹಿಂದೆ ಆಟಿ ತಿಂಗಳಲ್ಲಿ ಬೆಳ್ತಂಗಡಿಯ ಕಡೆಯ ಒಂದು ಚಿಕ್ಕ ಸಭೆಯ ಆದಿತ್ಯವಾರ ಶಾಲೆಯಲ್ಲಿ ಮಕ್ಕಳಿಗೆ ಪಾಲೆಮರದ ವಿಷಯ ಹೇಳುತ್ತಿದ್ದೆವು. ಆಟಿ ಅಮಾವಾಸ್ಯೆಯಂದು ಸೂರ್ಯೋದಯಕ್ಕೆ ಮುಂಚೆ ಆ ಮರದ ತೊಗಟೆಯನ್ನು ಕಬ್ಬಿಣ ತಾಗಿಸದೆ ಕಲ್ಲಿನಿಂದ ಜಜ್ಜಿ ತೆಗೆದು, ಅರೆದು, ಒಳ್ಳೇಮೆಣಸು ಬೆಳ್ಳುಳ್ಳಿ ಓಮ ಕೂಡಿಸಿ ಕಹಿಯಾದ ರಸವನ್ನು ಕುಡಿಯುವ ವಾಡಿಕೆ ತುಳುನಾಡಿನಲ್ಲೆಲ್ಲಾ ಉಂಟಷ್ಟೆ. ನಾವು ಸೆಮಿನರಿಯಲ್ಲಿ ಕಲಿತ ಗರ್ವದಿಂದ, “ಇದಕ್ಕೆ ಸಂಸ್ಕೃತದಲ್ಲಿ ಸಪ್ತಪರ್ಣವೆಂದು ಹೆಸರು, ಯಾಕಂದರೆ ಇದರ ಒಂದೊಂದು ಗಂಟಿನಲ್ಲಿ ಏಳೇ ಎಲೆಗಳಿರುವವು” ಎಂದು ಕಲಿಸಿದೆವು. ಒಬ್ಬ ಹುಡುಗನು ಹೊರಗೆ ಓಡಿಹೋಗಿ ಒಂದು ಕೊಂಬೆಯನ್ನು ಮುರಿದು ತಂದು ಎಣಿಸಿ, “ಅಯ್ಯಾ, ಇಲ್ಲಿ ಐದು, ಇಲ್ಲಿ ಆರು, ಇಲ್ಲಿ ಎಂಟು” ಅಂದನು. ನಮಗೆ ಮಾತು ಹೊರಡಲಿಲ್ಲ. ಆಗ ಬಾಗಲ ಬಳಿಯಲ್ಲಿ ಕೂತಿದ್ದ ಸಭೆಯ ಒಬ್ಬ ಅಜ್ಜಿಯು ನಕ್ಕು, “ಅಯ್ಯನವರೇ, ಮರಕ್ಕೆ ಲೆಕ್ಕ ಗೊತ್ತಿಲ್ಲ. ಎಲೆಗಳು ಕೊಡೆಯ ಕಡ್ಡಿಗಳ ಹಾಗೆ ಸುತ್ತಲೂ ನಿಂತಿವೆಯೋ ನೋಡಬೇಕು. ಗಾಯ ಮಾಡಿದರೆ ಹಾಲು ಬರುತ್ತದೋ ನೋಡಬೇಕು. ಎಲೆಗಳು ಎರಡೆರಡಾಗಿ ಎದುರುಬದುರು ಇದ್ದು ಹಾಲು ಬಾರದಿದ್ದರೆ ಅದು ಪಾಲೆಯಲ್ಲ. ಕಾಯೆರ್ ಆಗಿದ್ದರೆ ಕುಡಿದವನು ಏಳುವದಿಲ್ಲ” ಅಂದಳು.

ಆಕೆಯು ಕಾಯೆರ್ ಎಂದದ್ದು ಕನ್ನಡದ ಕಾಸರಕ. ಹೆಸರು ಗೊತ್ತಿದ್ದವರು ನಾವು, ಮರ ಗೊತ್ತಿದ್ದವಳು ಆಕೆ. ಅಂದಿನಿಂದ ಈ ವಿಷಯವನ್ನು ಆಲೋಚಿಸುತ್ತಾ ಬಂದು, ಹೆಸರಿಡುವವನ ಮೇಲೆ ಮೂರು ಹೊಣೆಗಳಿವೆಯೆಂದು ಕಂಡುಕೊಂಡೆವು.

ಮೊದಲನೆಯದು, ಹೆಸರು ಸತ್ಯವಾಗಿರಬೇಕು. ಎಲೀಷನ ಕಾಲದ ಬರದಲ್ಲಿ ಪ್ರವಾದಿಗಳ ಮಕ್ಕಳಲ್ಲೊಬ್ಬನು ಪಲ್ಯಕ್ಕಾಗಿ ಹೊಲಕ್ಕೆ ಹೋಗಿ ಕಾಡುಬಳ್ಳಿಯ ಕಾಯಿಗಳನ್ನು ಏನೆಂದು ತಿಳಿಯದೆ ಸೆರಗು ತುಂಬ ತಂದು ಹಂಡೆಯಲ್ಲಿ ಹೆಚ್ಚಿ ಹಾಕಿದ್ದನ್ನೂ, ಉಣ್ಣುವವರು ಹಂಡೆಯಲ್ಲಿ ಮರಣ ಉಂಟೆಂದು ಕೂಗಿದ್ದನ್ನೂ ವಾಚಕರು ಓದಿದ್ದಾರೆ. ಆ ಮನುಷ್ಯನು ಕೆಟ್ಟವನಲ್ಲ. ಹಸಿದವರಿಗೆ ಉಣಿಸಬೇಕೆಂದೇ ಹೋದನು. ಅವನ ತಪ್ಪು ಇಷ್ಟೇ: ತಿಳಿಯದಿದ್ದದ್ದನ್ನು ತಿಳಿದವನ ಹಾಗೆ ತಂದು ಹಾಕಿದನು. ಇಂಥ ತಪ್ಪು ಪೂರ್ವಕಾಲಕ್ಕೆ ಮಾತ್ರ ಸೇರಿದ್ದಲ್ಲ. 19ನೆಯ ಶತಮಾನದ ಆರಂಭದಲ್ಲಿ ಯುರೋಪಿನ ಮದ್ದಿನಂಗಡಿಗಳಲ್ಲಿ ಅಂಗೊಸ್ತುರವೆಂಬ ದಕ್ಷಿಣ ಅಮೆರಿಕದ ತೊಗಟೆಯನ್ನು ಜ್ವರಕ್ಕೆ ಕೊಡುತ್ತಿದ್ದಾಗ, ಅದೇ ಹೆಸರಿನಿಂದ ಬೇರೊಂದು ತೊಗಟೆಯೂ ಮಾರಾಟವಾಗಿ ಅದನ್ನು ಸೇವಿಸಿದವರು ವಿಷಕ್ಕೆ ಗುರಿಯಾದರು. ಬಹಳ ವಿಚಾರಣೆಯ ತರುವಾಯ ಆ ಸುಳ್ಳು ತೊಗಟೆಯು ನಮ್ಮ ಕಾಸರಕದ್ದೇ ಎಂದು ಗೊತ್ತಾಯಿತು. ಕಡಲಾಚೆಯ ಪಂಡಿತರ ಅಂಗಡಿಯಲ್ಲಿ ನಡೆದ ಮೋಸವನ್ನು ನಮ್ಮ ಸಭೆಯ ಅಜ್ಜಿಯು ಬಾಗಲಲ್ಲಿ ಕೂತೇ ತಡೆಯಬಲ್ಲವಳಾಗಿದ್ದಳು.

ಹಾಗಾದರೆ ಊರಿನ ಹೆಸರುಗಳೇ ಸಾಕಲ್ಲವೇ, ಲತೀನ್ ಹೆಸರು ಯಾಕೆ ಬೇಕೆಂದು ಯಾರಾದರೂ ಕೇಳಬಹುದು. ಊರಿನ ಹೆಸರು ಊರಿನೊಳಗೆ ಸಾಕು. ಊರು ದಾಟಿದರೆ ಅದು ತಡವರಿಸುತ್ತದೆ. ನಾವು ಪುನರ್ಪುಳಿ ಎನ್ನುವದನ್ನು ಉತ್ತರ ಕನ್ನಡದವರು ಮುರುಗಲು ಎನ್ನುತ್ತಾರೆ. ತುಳುವಿನ ತಿಮರೆಯು ಕನ್ನಡದ ಒಂದೆಲಗ. ಇದು ಎರಡು ಹೆಸರು, ಒಂದೇ ಗಿಡ, ಇದರಿಂದ ಕೇಡಿಲ್ಲ. ಆದರೆ ಒಂದೇ ಹೆಸರು, ಎರಡು ಗಿಡ ಆದಾಗ ತೊಡಕು ಹುಟ್ಟುತ್ತದೆ. ಬ್ರಾಹ್ಮಿಯೆಂದು ಕೆಲವರು ಈ ಒಂದೆಲಗವನ್ನೇ ತೋರಿಸುತ್ತಾರೆ. ಬೇರೆ ಕೆಲವರು ಕೆಸರಿನಲ್ಲಿ ಹಬ್ಬುವ ನೀರುಬ್ರಾಹ್ಮಿಯನ್ನು ತೋರಿಸುತ್ತಾರೆ. ಇವೆರಡೂ ಬೇರೆ ಬೇರೆ ಕುಲಕ್ಕೆ ಸೇರಿದವು. ವಿದ್ವಾಂಸರು ಮೊದಲನೆಯದನ್ನು ಸೆಂಟೆಲ್ಲ ಏಷಿಯಾಟಿಕವೆಂದೂ ಎರಡನೆಯದನ್ನು ಬಕೋಪ ಮೊನ್ನಿಯೇರಿ ಎಂದೂ ಕರೆದು ಈ ಗೊಂದಲವನ್ನು ಬಿಡಿಸಿದ್ದಾರೆ.

ಈ ಕ್ರಮಕ್ಕೆ ಅಡಿಗಲ್ಲನ್ನು ಹಾಕಿದವನು ಸ್ವೀಡನ್ ದೇಶದ ಲಿನ್ನೇಯುಸನು. ಅವನು 1753ರಲ್ಲಿ ಪ್ರಕಟಿಸಿದ ಗ್ರಂಥದಿಂದಲೇ ಇಂದಿಗೂ ಗಿಡಗಳ ಎರಡು ಪದದ ಹೆಸರುಗಳ ಲೆಕ್ಕ ಆರಂಭವಾಗುತ್ತದೆ. ಮೊದಲನೆಯ ಪದವು ಮನೆತನದ ಹೆಸರಿನಂತೆ, ಎರಡನೆಯದು ಮಗುವಿನ ಹೆಸರಿನಂತೆ. ಹೊಸ ಗಿಡ ಸಿಕ್ಕಿತೆಂದು ಹೇಳುವವನು ಅದರ ಬೇರು, ಎಲೆ, ಹೂ, ಕಾಯಿಗಳ ವಿವರವನ್ನು ಬರೆದು ಪ್ರಕಟಿಸಬೇಕು. ಒಂದು ಮಾದರಿಯನ್ನು ಒತ್ತಿ ಒಣಗಿಸಿ ಎಲ್ಲಿ, ಯಾವಾಗ, ಯಾರು ಕಿತ್ತರೆಂಬ ಚೀಟಿಯೊಡನೆ ಭಂಡಾರದಲ್ಲಿ ಇಡಬೇಕು. ಸಂಶಯ ಬಂದವನು ನೂರು ವರುಷಗಳ ತರುವಾಯವೂ ಅಲ್ಲಿಗೆ ಹೋಗಿ ಅದೇ ಎಲೆಯನ್ನು ನೋಡಬಹುದು. 2011ರ ಕೊನೆಯ ವರೆಗೆ ಆ ವಿವರವನ್ನು ಲತೀನಿನಲ್ಲಿಯೇ ಬರೆಯಬೇಕೆಂಬ ಕಟ್ಟಳೆ ಇತ್ತು; 2012ರಿಂದ ಇಂಗ್ಲಿಷಿನಲ್ಲಿಯೂ ಬರೆಯಬಹುದೆಂದು ಆಗಿದೆ. ಹೇಳಿದ್ದನ್ನು ತೋರಿಸಿಕೊಡಬೇಕೆಂಬ ಈ ನಿಯಮವು ಗಿಡಗಳ ವಿದ್ಯೆಗೆ ಮಾತ್ರವಲ್ಲ, ಎಲ್ಲಾ ಸಾಕ್ಷಿ ಹೇಳುವವರಿಗೂ ತಕ್ಕದ್ದು.

ಎರಡನೆಯದು, ಹೇಳಿಕೊಟ್ಟವನನ್ನು ಮರೆಯಬಾರದು. ಇದಕ್ಕೆ ನಮ್ಮ ನೆರೆಯ ಕೇರಳದಲ್ಲಿಯೇ ಒಂದು ದೊಡ್ಡ ದೃಷ್ಟಾಂತ ಉಂಟು. ಕೊಚ್ಚಿಯಲ್ಲಿ ಡಚ್ಚರ ಅಧಿಪತಿಯಾಗಿದ್ದ ವಾನ್ ರೇಡೆ ಎಂಬವನು ಆ ಕರಾವಳಿಯ ಗಿಡಮರಗಳನ್ನು ಬರೆಯಿಸಿ ಚಿತ್ರಿಸಿ ಹೊರ್ತುಸ್ ಮಲಬಾರಿಕುಸ್, ಅಂದರೆ ಮಲಬಾರಿನ ತೋಟ, ಎಂಬ ಗ್ರಂಥವನ್ನು ಮಾಡಿಸಿದನು. ಅದರ 12 ಸಂಪುಟಗಳು 1678ರಿಂದ 1693ರ ವರೆಗೆ ಆಂಸ್ಟರ್‌ಡಾಮಿನಲ್ಲಿ ಅಚ್ಚಾದವು. ಏಳುನೂರಕ್ಕೆ ಮಿಕ್ಕ ಗಿಡಗಳು ಅದರಲ್ಲಿ ಉಂಟು. ಅವನು ಇದನ್ನು ಪುಣ್ಯಕ್ಕಾಗಿ ಮಾಡಿದನೆಂದು ನಾವು ಹೇಳುವದಿಲ್ಲ; ಕಂಪನಿಯ ಜನರಿಗೆ ಮದ್ದು ಬೇಕಾಗಿತ್ತು. ಆದರೂ ಅವನು ಒಂದು ನ್ಯಾಯವನ್ನು ಮಾಡಿದನು. ಗಿಡಗಳ ಗುಣವನ್ನು ಹೇಳಿದ ಇಟ್ಟಿ ಅಚ್ಯುತನೆಂಬ ಈಳವ ನಾಟಿವೈದ್ಯನ ಸಾಕ್ಷಿಯನ್ನು ಅವನ ಸ್ವಂತ ಲಿಪಿಯಲ್ಲಿಯೇ ಮೊದಲನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದನು. ಆ ಸಾಕ್ಷಿಯು 1675ನೆಯ ಇಸವಿಯದು. ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ಬ್ರಾಹ್ಮಣರ ಸಾಕ್ಷಿಯೂ ನಾಗರ ಅಕ್ಷರದಲ್ಲಿ ಅಲ್ಲಿಯೇ ಉಂಟು. ಈಳವರ ಕಸುಬೂ ನಮ್ಮ ಬಿಲ್ಲವರ ಕಸುಬೂ ಒಂದನ್ನೊಂದು ಹೋಲುವವು; ಬಿಲ್ಲವರಲ್ಲಿ ಬೈದ್ಯರೆಂಬ ಹೆಸರು ಇಂದಿಗೂ ಉಳಿದಿದೆ. ಮೇಲುಜಾತಿಯವರು ಅಂಗಳಕ್ಕೂ ಸೇರಿಸದಿದ್ದ ಕಾಲದಲ್ಲಿ ಅಂಥವನೊಬ್ಬನ ಹೆಸರು ಬ್ರಾಹ್ಮಣರ ಹೆಸರಿನೊಂದಿಗೆ ಒಂದೇ ಪುಸ್ತಕದಲ್ಲಿ ಅಚ್ಚಾಯಿತೆಂಬದನ್ನು ನಮ್ಮ ಸಭೆಗಳವರು ಯೋಚಿಸಿ ನೋಡಲಿ.

ಆದರೆ ತರುವಾಯ ಏನಾಯಿತು? ಲಿನ್ನೇಯುಸನು ನಮ್ಮ ದೇಶವನ್ನು ಕಂಡವನಲ್ಲ. ಅವನು ನಮ್ಮ ಕರಾವಳಿಯ ಅನೇಕ ಗಿಡಗಳನ್ನು ವಾನ್ ರೇಡೆಯ ಪುಸ್ತಕವನ್ನು ಆಧಾರಮಾಡಿಕೊಂಡು ತನ್ನ ಪಟ್ಟಿಯಲ್ಲಿ ಸೇರಿಸಿದನು. ಆ ಪುಸ್ತಕದಲ್ಲಿ ಪಾಲ ಎಂದಿದ್ದ ಮರಕ್ಕೆ 1767ರಲ್ಲಿ ಅವನು ಸ್ಕೊಲಾರಿಸ್, ಅಂದರೆ ಶಾಲೆಗೆ ಸೇರಿದ್ದು, ಎಂಬ ಪದವನ್ನು ಇಟ್ಟನು. ಯಾಕಂದರೆ ಅದರ ಹಗುರವಾದ ಹಲಿಗೆಯ ಮೇಲೆ ಮಕ್ಕಳು ಅಕ್ಷರ ಬರೆಯುತ್ತಿದ್ದರು. ಮುಂದೆ ರಾಬರ್ಟ್ ಬ್ರೌನನು ಅದನ್ನು ಆಲ್‌ಸ್ಟೋನಿಯವೆಂಬ ಕುಲಕ್ಕೆ ಸೇರಿಸಿದನು. ಆಲ್‌ಸ್ಟನನು ಎಡಿನ್‌ಬರೋದ ಪ್ರಾಧ್ಯಾಪಕ, ತುಳುನಾಡಿಗೆ ಬಂದವನಲ್ಲ. ವಿಚಿತ್ರವೇನಂದರೆ ಅವನು ಲಿನ್ನೇಯುಸನ ಕ್ರಮವನ್ನೇ ಎದುರಿಸಿ ಬರೆದಿದ್ದವನು. ಹೀಗೆ ಇಬ್ಬರು ವಾದಿ ಪ್ರತಿವಾದಿಗಳ ನೆನಪು ಒಂದೇ ಮರದ ಹೆಸರಿನಲ್ಲಿ ಕೂಡಿತು. ಆದರೆ ಅದರ ಗುಣವನ್ನು ತಲೆತಲಾಂತರದಿಂದ ಕಾಪಾಡಿದವರ ನೆನಪು ಅದರಲ್ಲಿ ಇಲ್ಲ. 19ನೆಯ ಶತಮಾನದಲ್ಲಿ ಬ್ಲೂಮೆ ಎಂಬ ಶಾಸ್ತ್ರಜ್ಞನು ಒಂದು ಗಿಡದ ಕುಲಕ್ಕೆ ಅಚುದೇಮಿಯ ಎಂದು ಹೆಸರಿಟ್ಟು ಅಚ್ಯುತನ ಋಣದ ಒಂದು ಕಾಸನ್ನಾದರೂ ಸಲ್ಲಿಸಿದನು.

ಅನ್ಯರ ಲೆಕ್ಕವನ್ನು ನೋಡಿದ ನಾವು ನಮ್ಮ ಲೆಕ್ಕವನ್ನೂ ನೋಡತಕ್ಕದ್ದು. ಬಾಸೆಲ್ ಮಿಶನಿನ ಮೆಟ್ಜ್ ಎಂಬ ಬೋಧಕನು 19ನೆಯ ಶತಮಾನದ ಮಧ್ಯದಲ್ಲಿ ಕೂಡಿಸಿ ಕಳುಹಿಸಿದ ಗಿಡಗಳನ್ನು ಜರ್ಮನಿಯಲ್ಲಿದ್ದ ಹೋಹೆನಾಕರನು ಸಂಖ್ಯೆ ಹಾಕಿ ಯುರೋಪಿನ ಭಂಡಾರಗಳಿಗೆ ಹಂಚಿದನು. 1881ರಲ್ಲಿ ಸ್ಟೋಲ್ಜ್ ಎಂಬವನು 500 ಗಿಡಮರಗಳ ಉಪಯೋಗವನ್ನು ಕನ್ನಡದಲ್ಲಿ ಬರೆದ ಪುಸ್ತಕವು ಮಂಗಳೂರಿನ ಮಿಶನಿನಿಂದಲೇ ಹೊರಟಿತು. 1886ರಲ್ಲಿ ಮೆನ್ನರನ ತುಳು ನಿಘಂಟು, 1894ರಲ್ಲಿ ಕಿಟ್ಟೆಲನ ಕನ್ನಡ ನಿಘಂಟು ಅಚ್ಚಾದವು. ಕಿಟ್ಟೆಲನು ಗಿಡಗಳ ಶಬ್ದಗಳ ಬಳಿಯಲ್ಲಿ ಲತೀನ್ ಹೆಸರುಗಳನ್ನೂ ಕೊಟ್ಟನು. ಇವರ ಶ್ರಮವನ್ನು ಕೃತಜ್ಞತೆಯಿಂದ ನೆನಸುತ್ತೇವೆ. ಆದರೆ ಕಾಡಿನ ಹಾದಿಯನ್ನು ತೋರಿಸಿದವನು ಯಾರು? ಈ ಸೊಪ್ಪಿಗೆ ನಾವು ಹೀಗೆನ್ನುತ್ತೇವೆಂದು ಹೇಳಿಕೊಟ್ಟ ಹೆಂಗಸು ಯಾರು? ದೊಡ್ಡ ಪುಸ್ತಕಗಳಲ್ಲಿ ಅವರನ್ನು ಹುಡುಕಿದರೆ ಸಿಕ್ಕುವದು ಅಪರೂಪ.

ಇಲ್ಲಿ ಎರಡು ಆಕ್ಷೇಪಗಳು ಬರಬಹುದು. ಒಬ್ಬನು, “ಭೂಮಿಯ ಮೇಲಿನ ಪೈರುಪಲ್ಯಗಳನ್ನು ದೇವರು ಎಲ್ಲಾ ಮನುಷ್ಯರಿಗೂ ಕೊಟ್ಟಿರಲಾಗಿ ಹೇಳಿದವನು ಯಾರಾದರೇನು?” ಎನ್ನುವನು. ಗಿಡವು ಎಲ್ಲರದು ಸತ್ಯವೇ. ಆದರೆ ಅದನ್ನು ಕಂಡುಹಿಡಿಯಲು ಪಟ್ಟ ಕಷ್ಟ ಎಲ್ಲರದಲ್ಲ. ಬಾವಿಯ ನೀರು ದೇವರದು. ಆದರೂ ತೋಡಿದವನ ಕೂಲಿಯನ್ನು ಹಿಡಿಯುವದು ಪಾಪ. ಕೇರಳದ ಕಾಣಿ ಜನರು ಕಾಡಿನಲ್ಲಿ ದಣಿವಾರಿಸಲು ತಿನ್ನುತ್ತಿದ್ದ ಆರೋಗ್ಯಪಚ್ಚೆಯೆಂಬ ಗಿಡದಿಂದ ತಿರುವನಂತಪುರದ ಸಸ್ಯಸಂಶೋಧನಾಲಯದವರು ಜೀವನಿ ಎಂಬ ಔಷಧವನ್ನು ಮಾಡಿ, ಅದರಿಂದ ತಮಗೆ ಬಂದ ಹಣದಲ್ಲಿ ಅರ್ಧ ಪಾಲನ್ನು ಆ ಜನರಿಗೆ ಗೊತ್ತುಮಾಡಿದರು. ತರುವಾಯ ಭಾರತದ 2002ರ ಜೀವವೈವಿಧ್ಯ ಕಾಯಿದೆಯು ಇಂಥ ಪಾಲನ್ನು ಕೊಡತಕ್ಕದ್ದೆಂಬ ನ್ಯಾಯವನ್ನು ಸ್ಥಾಪಿಸಿತು.

ಇನ್ನೊಬ್ಬನು ಕೋಪದಿಂದ, “ಹಾಗಾದರೆ ಪರದೇಶದ ಹೆಸರುಗಳನ್ನೆಲ್ಲಾ ಬಿಸಾಡೋಣ” ಎನ್ನುವನು. ಇದೂ ಸರಿಯಲ್ಲ. ಸಾಲಗಾರನು ಸಾಲ ತೀರಿಸಲಿಲ್ಲವೆಂದು ಅವನು ಕಟ್ಟಿದ ಸೇತುವೆಯನ್ನು ಕೆಡವಿದರೆ ಹೊಳೆ ದಾಟುವವರು ನಾವೇ ಅಲ್ಲವೇ? ಅದಲ್ಲದೆ ಆ ಹೆಸರುಗಳಲ್ಲಿ ನಮ್ಮ ನಾಡುಗಳ ಮಾತೂ ಸೇರಿಹೋಗಿದೆ. ಬಂಟ್ವಾಳದ ತೋಟಗಳ ಅಡಿಕೆಯ ಲತೀನ್ ಹೆಸರಾದ ಅರೆಕವು ಅಡಕೆ ಎಂಬ ದಕ್ಷಿಣದ ಮಾತಿನಿಂದಲೇ ಹೋದದ್ದು. ನಮ್ಮವರು ಈ ವಿದ್ಯೆಯಲ್ಲಿ ಹಿಂದೆಬಿದ್ದವರೂ ಅಲ್ಲ. ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಅಧ್ಯಾಪಕರಾಗಿದ್ದ ಕೆ. ಗೋಪಾಲಕೃಷ್ಣ ಭಟ್ಟರು 2003ರಲ್ಲಿ ಉಡುಪಿಯ ಸಸ್ಯಗಳ ಗ್ರಂಥವನ್ನೂ 2014ರಲ್ಲಿ ದಕ್ಷಿಣ ಕನ್ನಡ ಉಡುಪಿ ಎರಡೂ ಜಿಲ್ಲೆಗಳ ಸಸ್ಯಗಳ ಗ್ರಂಥವನ್ನೂ ಪ್ರಕಟಿಸಿದರು. ಬಿ. ಜಿ. ಎಲ್. ಸ್ವಾಮಿಯವರ ಹಸುರು ಹೊನ್ನು ಎಂಬ ಪುಸ್ತಕವು ಈ ವಿದ್ಯೆಯನ್ನು ಕನ್ನಡದಲ್ಲಿ ನಗುನಗುತ್ತಾ ಹೇಳಬಹುದೆಂದು ತೋರಿಸಿಕೊಟ್ಟಿತು.

ಮೂರನೆಯದು, ಹೆಸರಿನಿಂದ ಯಾರನ್ನೂ ಗಾಯಪಡಿಸಬಾರದು. ಅಮೆರಿಕದ ಉಷ್ಣಸೀಮೆಯಿಂದ ಬಂದು ನಮ್ಮ ಗುಡ್ಡಗಳನ್ನೆಲ್ಲಾ ಮುಚ್ಚಿದ ಒಂದು ಕಳೆಗೆ ನಮ್ಮ ಜನರು ಕಮ್ಯುನಿಸ್ಟ್ ಗಿಡವೆಂದು ಹೆಸರಿಟ್ಟರು. ಕೇಳಿದವರು ನಗುವರು. ಆದರೆ ಆ ಹೆಸರಿನಿಂದ ಗಿಡದ ಗುಣವೊಂದೂ ತಿಳಿಯುವದಿಲ್ಲ, ಹೆಸರಿಟ್ಟವರ ಜಗಳ ಮಾತ್ರ ತಿಳಿಯುತ್ತದೆ. ಇದಕ್ಕಿಂತ ಕಠಿಣವಾದವುಗಳೂ ಉಂಟು. ಆಫ್ರಿಕದ ಕಪ್ಪು ಜನರನ್ನು ಹೀನೈಸುವ ಒಂದು ಶಬ್ದವು ಸುಮಾರು 200 ಸಸ್ಯಗಳ ಲತೀನ್ ಹೆಸರುಗಳಲ್ಲಿ ಬಹುಕಾಲದಿಂದ ನಿಂತಿತ್ತು. 2024ರಲ್ಲಿ ಸ್ಪೇನಿನ ಮದ್ರಿದ್ ಪಟ್ಟಣದಲ್ಲಿ ಕೂಡಿದ ಲೋಕದ ಸಸ್ಯಶಾಸ್ತ್ರಜ್ಞರು ಅದನ್ನು ಅಳಿಸಿ ಆಫ್ರಿಕವೆಂಬರ್ಥದ ಪದವನ್ನು ಇಡಲು ಹೆಚ್ಚುಮತದಿಂದ ನಿರ್ಣಯಿಸಿದರು. ಗಿಡಕ್ಕೆ ಇದರಿಂದ ಏನೂ ಆಗಲಿಲ್ಲ. ಆದರೆ ಆ ಹೆಸರನ್ನು ಓದಬೇಕಾದ ಮಗುವಿಗೆ ಆಯಿತು. ಕೂಗುವ ಹೆಸರಿನಲ್ಲಿ ಎಷ್ಟು ನೋವನ್ನು ಅಡಗಿಸಬಹುದೆಂಬದನ್ನು ನಮ್ಮ ಸಭೆಗಳ ಹಿರಿಯರಿಗೆ ಯಾರೂ ಕಲಿಸಬೇಕಾದದ್ದಿಲ್ಲ. ಆದರೆ ಹಾಗೆ ನೊಂದವರ ಮಕ್ಕಳಾದ ನಾವು ಗುಡ್ಡದ ಮಲೆಕುಡಿಯರನ್ನೂ ಬಳ್ಳಿಯಿಂದ ಬುಟ್ಟಿ ಹೆಣೆಯುವ ಕೊರಗರನ್ನೂ ಯಾವ ಸ್ವರದಿಂದ ಕರೆಯುತ್ತೇವೆ? ಯಾವ ಬಳ್ಳಿ ಬಾಗುತ್ತದೆ, ಯಾವದು ಮುರಿಯುತ್ತದೆ ಎಂಬದು ಅವರ ಕೈಗೆ ಗೊತ್ತು. ಅವರ ಬುಟ್ಟಿಯನ್ನು ಕೊಂಡುಕೊಂಡು ಅವರ ತಿಳುವಳಿಕೆಯನ್ನು ತಾತ್ಸಾರ ಮಾಡುವದು ಎಂಥ ನ್ಯಾಯ?

ಆದಾಮನು ಪಶುಗಳಿಗೂ ಪಕ್ಷಿಗಳಿಗೂ ಕಾಡುಮೃಗಗಳಿಗೂ ಹೆಸರಿಟ್ಟನೆಂದು ಆದಿಕಾಂಡದಲ್ಲಿ ಓದುತ್ತೇವೆ. ಗಿಡಗಳಿಗೆ ಹೆಸರಿಟ್ಟ ಸಂಗತಿ ಅಲ್ಲಿ ಇಲ್ಲ. ಆ ಕೆಲಸವು ಅವನ ಮಕ್ಕಳ ಪಾಲಿಗೆ ಉಳಿಯಿತೆಂದು ಹೇಳಬಹುದು. ಅದು ಒಬ್ಬನಿಂದ ಮುಗಿಯತಕ್ಕದ್ದಲ್ಲ. ಒಬ್ಬನು ಕಾಣುವನು, ಒಬ್ಬಳು ರುಚಿನೋಡುವಳು, ಒಬ್ಬನು ಬರೆಯುವನು, ಒಬ್ಬನು ತಿದ್ದುವನು. ಈ ಸಾಲಿನಲ್ಲಿ ಕೊನೆಗೆ ನಿಂತವನು ಎಲ್ಲವೂ ತನ್ನದೆಂದರೆ ಅದು ಸುಳ್ಳಾಗುವದು.

ಈಗ ನಮ್ಮ ತಪ್ಪನ್ನು ಅರಿಕೆ ಮಾಡುತ್ತೇವೆ. ಪಾಲೆಯ ಗುರುತನ್ನು ಹೇಳಿಕೊಟ್ಟ ಆ ಅಜ್ಜಿಯು ತನ್ನ ಬೇಲಿಯ ಮೇಲೆ ಹಬ್ಬಿದ್ದ ಒಂದು ಬಳ್ಳಿಯನ್ನು ನಮಗೆ ತೋರಿಸಿ, ದನದ ಹೊಟ್ಟೆ ಉಬ್ಬಿದಾಗ ತಾಯಿಯ ಕಾಲದಿಂದಲೂ ಇದನ್ನೇ ಕೊಡುತ್ತಿದ್ದೇವೆಂದು ಹೇಳಿ, ಅದರ ಹೆಸರನ್ನೂ ಹೇಳಿದಳು. ನಾವು ಆತುರದಲ್ಲಿದ್ದೆವು; ಬರುವ ಮಳೆಗಾಲದಲ್ಲಿ ಹೂ ಬಿಟ್ಟಾಗ ಪುಸ್ತಕ ತಂದು ಎಲ್ಲವನ್ನೂ ಬರೆದುಕೊಳ್ಳುವೆವು ಅಂದೆವು. ಆಕೆಯು, “ಮಳೆ ಬರುತ್ತದೆ ಅಯ್ಯನವರೇ, ನಾನು ಇರುತ್ತೇನೋ?” ಎಂದು ನಗುತ್ತಲೇ ಕೇಳಿದಳು. ಮಳೆ ಬಂತು, ಆಕೆಯನ್ನು ಮೇ ತಿಂಗಳಲ್ಲಿಯೇ ಮಣ್ಣುಮಾಡಿದ್ದೆವು. ಹೆಸರು ನಮ್ಮ ನೆನಪಿನಿಂದ ಜಾರಿಹೋಗಿತ್ತು. ಮಗನನ್ನು ಕೇಳಿದರೆ, “ಅಮ್ಮನಿಗೆ ಗೊತ್ತಿತ್ತು” ಅಂದನು. ಸೊಸೆಯನ್ನು ಕೇಳಿದರೆ, “ಅತ್ತೆ ಏನೋ ಹೇಳುತ್ತಿದ್ದರು” ಅಂದಳು. ಆ ಬಳ್ಳಿಗೆ ಲತೀನಿನಲ್ಲಿ ಒಂದು ಹೆಸರು ಇರಬಹುದು. ಗ್ರಂಥಗಳನ್ನು ತಿಳಿದವರಿಗೆ ತೋರಿಸಿದರೆ ಅದು ಸಿಕ್ಕೀತು. ಆದರೆ ಆಕೆಯ ತಾಯಿಯು ಆಕೆಗೆ ಕೊಟ್ಟ ಹೆಸರು ಯಾವ ಭಂಡಾರದಲ್ಲಿಯೂ ಸಿಕ್ಕುವದಿಲ್ಲ.

ಆದದರಿಂದ, ಪ್ರಿಯ ವಾಚಕರೇ, ನಮ್ಮ ಹಾಗೆ ತಡಮಾಡಬೇಡಿರಿ. ನಿಮ್ಮ ಮನೆಯಲ್ಲಿ ಹಿರಿಯರು ಇರುವಾಗಲೇ ಒಂದು ಪುಸ್ತಕವನ್ನು ತೆಗೆದುಕೊಂಡು ಗಿಡದ ಹೆಸರನ್ನು ಅವರು ಹೇಳುವ ಉಚ್ಚಾರಣೆಯಲ್ಲಿಯೇ ಬರೆಯಿರಿ. ತುಳುವಾದರೆ ತುಳುವಿನಲ್ಲಿ, ಕೊಂಕಣಿಯಾದರೆ ಕೊಂಕಣಿಯಲ್ಲಿ. ಅದು ಎಲ್ಲಿ ಬೆಳೆಯುತ್ತದೆ, ಯಾವ ತಿಂಗಳಲ್ಲಿ ಹೂ ಬಿಡುತ್ತದೆ, ಯಾವದಕ್ಕೆ ಉಪಯೋಗ, ಯಾವ ಗಿಡದೊಂದಿಗೆ ತಪ್ಪಿಹೋಗುವ ಅಪಾಯ ಉಂಟು ಎಂಬದನ್ನು ಸೇರಿಸಿರಿ. ಎಲ್ಲಕ್ಕಿಂತ ಮುಖ್ಯವಾಗಿ ಹೇಳಿದವರ ಹೆಸರನ್ನು ಅವರ ಒಪ್ಪಿಗೆ ಪಡೆದು ಬರೆಯಿರಿ. ಬರೆಯಬೇಡವೆಂದು ಅವರು ಹೇಳಿದರೆ ಅದಕ್ಕೂ ವಿಧೇಯರಾಗಿರಿ. ಗೊತ್ತಿಲ್ಲದಿದ್ದಲ್ಲಿ ಗೊತ್ತಿಲ್ಲವೆಂದೇ ಬರೆಯಿರಿ. ಗ್ರಾಮ ಪಂಚಾಯತುಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳನ್ನು ಇಟ್ಟು ಊರಿನ ಗಿಡಮರಗಳ ದಾಖಲೆಯನ್ನು ಊರಿನವರ ಕೂಡ ವಿಚಾರಿಸಿ ಬರೆಯಬೇಕೆಂದು ಮೇಲೆ ಹೇಳಿದ ಕಾಯಿದೆಯಲ್ಲಿ ಉಂಟು. ಅಲ್ಲಿಗೆ ಹೋಗಿ, ನಮ್ಮ ಊರಿನ ಪುಸ್ತಕದಲ್ಲಿ ಏನು ಬರೆದಿದೆ, ಯಾರನ್ನು ಕೇಳಿ ಬರೆದಿರಿ ಎಂದು ವಿನಯದಿಂದ ವಿಚಾರಿಸುವ ಹಕ್ಕು ಕೂಲಿಯವನಿಗೂ ಉಂಟು.

ಹೆಸರಿಟ್ಟವನಿಗೆ ಹಕ್ಕೋ ಋಣವೋ ಎಂದು ಮೊದಲಲ್ಲಿ ಕೇಳಿದೆವು. ಋಣವೆಂದೇ ನಮ್ಮ ಉತ್ತರ: ಗಿಡಕ್ಕೆ ಸತ್ಯದ ಋಣ, ಹೇಳಿಕೊಟ್ಟವರಿಗೆ ನೆನಪಿನ ಋಣ, ಕೇಳುವವರಿಗೆ ಮರ್ಯಾದೆಯ ಋಣ. ಆ ಬಳ್ಳಿಯು ಈಗಲೂ ಆ ಮನೆಯ ಬೇಲಿಯ ಮೇಲೆ ಹಬ್ಬುತ್ತದೆ. ಕಳೆದ ಮಳೆಗಾಲದಲ್ಲಿ ಹೂ ಬಿಟ್ಟದ್ದನ್ನು ಕಂಡೆವು. ಅದರ ಮುಂದೆ ಹಾದುಹೋಗುವಾಗಲೆಲ್ಲಾ ನಾವು ಸಾಲಗಾರರಾಗಿಯೇ ಹಾದುಹೋಗುತ್ತೇವೆ.